ಅಗ್ನಿ ಸುರಕ್ಷತೆಯ ಮೊದಲ ಪಾಠ: ಯಾವ ಕಟ್ಟಡದ್ದು, ಯಾರಿಗಾಗಿ?

ಬೆಂಗಳೂರಿನ ಯಾವುದೇ ದೊಡ್ಡ ಕಚೇರಿಗೆ ಹೊಸದಾಗಿ ಸೇರುವ ನೌಕರನ ಮೊದಲ ದಿನ ಹೆಚ್ಚೂ ಕಡಿಮೆ ಒಂದೇ ಬಗೆಯದು. ಬ್ಯಾಂಕ್ ಖಾತೆಯ ಅರ್ಜಿ, ಭವಿಷ್ಯ ನಿಧಿಯ ನಮೂನೆ, ಗುರುತಿನ ಚೀಟಿಗೆ ಭಾವಚಿತ್ರ, ಗೋಪ್ಯತೆಯ ಕರಾರಿಗೆ ಸಹಿ. ಇವುಗಳ ನಡುವೆ ಎಲ್ಲೋ ಹದಿನೈದಿಪ್ಪತ್ತು ನಿಮಿಷಗಳ ಅಗ್ನಿ ಸುರಕ್ಷತೆಯ ಪಾಠವೂ ಬರುತ್ತದೆ. ಬಹುಪಾಲು ಕಡೆ ಅದೊಂದು ಗಣಕಯಂತ್ರದ ಮೇಲಿನ ಚಿತ್ರಸುರುಳಿ. ಯಾವುದೋ ದೇಶದ ಯಾವುದೋ ಕಚೇರಿಯಲ್ಲಿ ಕಸದ ಬುಟ್ಟಿಯೊಂದು ಹೊತ್ತಿಕೊಳ್ಳುತ್ತದೆ, ಕೋಟು ಧರಿಸಿದ ವ್ಯಕ್ತಿಯೊಬ್ಬ ಗೋಡೆಯ ಮೇಲಿನ ಕೆಂಪು ಸಿಲಿಂಡರನ್ನು ಇಳಿಸಿ ಅದನ್ನು ನಂದಿಸುತ್ತಾನೆ, ಕೊನೆಯಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಉತ್ತೀರ್ಣನಾದರೆ ಪ್ರಮಾಣಪತ್ರ ತಾನಾಗಿಯೇ ಕಡತ ಸೇರುತ್ತದೆ. ಲೆಕ್ಕಪರಿಶೋಧಕರು ಬಂದಾಗ ಆ ಕಡತವನ್ನು ತೋರಿಸಿದರೆ ಸಾಕು.

ಇಷ್ಟೆಲ್ಲ ಮುಗಿದ ಮೇಲೆ ಅದೇ ನೌಕರನನ್ನು ನಿಲ್ಲಿಸಿ, ‘ನೀವು ಕೂತಿರುವ ಮಹಡಿಯ ಎರಡನೆಯ ಮೆಟ್ಟಿಲು ಎಲ್ಲಿದೆ?’ ಎಂದು ಕೇಳಿದರೆ ಉತ್ತರ ದೊರೆಯುವ ಸಂಭವ ಕಡಿಮೆ. ಅವನು ಲಿಫ್ಟಿನಲ್ಲಿ ಬಂದಿದ್ದಾನೆ, ಲಿಫ್ಟಿನಲ್ಲೇ ಹೋಗುತ್ತಾನೆ. ಪಾಠದಲ್ಲಿ ಮೆಟ್ಟಿಲಿನ ಪ್ರಸ್ತಾಪವಿತ್ತು, ನಿಜ. ಆದರೆ ಅದು ಬೇರೆ ಕಟ್ಟಡದ ಮೆಟ್ಟಿಲು.

ಹೊಸ ಸಿಬ್ಬಂದಿಗೆ ಅಗ್ನಿ ಸುರಕ್ಷತೆ ಕಲಿಸಬೇಕೇ ಬೇಡವೇ ಎಂಬ ಚರ್ಚೆ ಈಗ ಉಳಿದಿಲ್ಲ. ಕಲಿಸಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಯಾವ ಸಾಮಗ್ರಿಯಿಂದ ಕಲಿಸಬೇಕು, ಅದನ್ನು ಆರಿಸುವವರು ಯಾರು, ಯಾವ ಮಾನದಂಡದಿಂದ ಆರಿಸುತ್ತಾರೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಕೇಳದೆ ಬಿಟ್ಟುದರ ಬೆಲೆ ಏನೆಂಬುದು ಈ ನಗರಕ್ಕೆ ಗೊತ್ತಿಲ್ಲದ ಸಂಗತಿಯಲ್ಲ.

2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಕಾಣಿಸಿಕೊಂಡ ಬೆಂಕಿ ಒಂಬತ್ತು ಜನರನ್ನು ಬಲಿ ತೆಗೆದುಕೊಂಡಿತು. ಹಲವು ಸಂಸ್ಥೆಗಳ ಕಚೇರಿಗಳಿದ್ದ ಬಹುಮಹಡಿ ಕಟ್ಟಡವದು. ವಿದ್ಯುತ್ ತಂತಿಗಳು ಹಾದುಹೋಗುವ ಕೊಳವೆಮಾರ್ಗದಲ್ಲಿ ಹುಟ್ಟಿದ ಬೆಂಕಿ ಕಚೇರಿಗಳನ್ನು ಸುಡುವುದಕ್ಕೆ ಮೊದಲೇ ಹೊಗೆ ಮೇಲಿನ ಮಹಡಿಗಳನ್ನು ಆವರಿಸಿತ್ತು. ಮೃತರಲ್ಲಿ ಕೆಲವರು ಉಸಿರುಗಟ್ಟಿ ಸತ್ತರೆ, ಕೆಲವರು ಹೊಗೆ ತಾಳಲಾರದೆ ಕಿಟಕಿಯ ಗಾಜು ಒಡೆದು ಕೆಳಕ್ಕೆ ಜಿಗಿದವರು. ಪಾರಾಗುವ ಬಾಗಿಲುಗಳಿಗೆ ಬೀಗ ಬಿದ್ದಿತ್ತೆಂಬುದು ಆಗ ವ್ಯಾಪಕವಾಗಿ ವರದಿಯಾಯಿತು. ಜನ ಕಿಟಕಿಯಿಂದ ಬೀಳುತ್ತಿದ್ದ ದೃಶ್ಯವನ್ನು ಅಂದು ನಾಡಿನ ಮನೆಮನೆಗಳು ದೂರದರ್ಶನದಲ್ಲಿ ನೋಡಿದವು. ಆ ದುರಂತದಲ್ಲಿ ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರು ಸೇರಿ ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಸಂಸ್ಥೆ ಅಲ್ಲಿಂದಾಚೆಗೆ ಅಗ್ನಿ ಸುರಕ್ಷತೆಯ ಕುರಿತು ಸತತವಾಗಿ ದನಿಯೆತ್ತುತ್ತ ಬಂದಿದೆ.

ಆ ದಿನ ಆ ಕಟ್ಟಡದೊಳಗಿದ್ದವರಿಗೆ ಬೇಕಾಗಿದ್ದ ತಿಳಿವಳಿಕೆ ಯಾವುದು? ಸಿಲಿಂಡರಿನ ಪಿನ್ನು ಎಳೆಯುವ ಬಗೆಯಂತೂ ಅಲ್ಲ. ಹೊಗೆ ಯಾವ ದಾರಿಯಿಂದ ಬರುತ್ತದೆ, ಒಂದು ಮೆಟ್ಟಿಲು ಹೊಗೆಯಿಂದ ತುಂಬಿದರೆ ಇನ್ನೊಂದು ಎಲ್ಲಿದೆ, ಅದರ ಬಾಗಿಲು ತೆರೆದಿದೆಯೇ, ಹೊರಹೋಗಲಾಗದಿದ್ದರೆ ಯಾವ ಕೋಣೆಯ ಬಾಗಿಲು ಮುಚ್ಚಿಕೊಂಡು ಸಂದಿಗಳಿಗೆ ಬಟ್ಟೆ ತುರುಕಿ ಕಾಯಬೇಕು ಎಂಬಷ್ಟು. ಇವೆಲ್ಲ ಒಂದು ನಿರ್ದಿಷ್ಟ ಕಟ್ಟಡಕ್ಕೆ ಸಂಬಂಧಿಸಿದ ಪ್ರಶ್ನೆಗಳು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಯಾವ ಚಿತ್ರಸುರುಳಿಯಲ್ಲೂ ಇವಕ್ಕೆ ಉತ್ತರವಿರಲು ಸಾಧ್ಯವಿಲ್ಲ.

ಕಾನೂನು ಹೇಳಿದ್ದು, ಹೇಳದೆ ಬಿಟ್ಟಿದ್ದು

ಬೆಂಕಿ ಬಿದ್ದಾಗ ಪಾರಾಗುವ ದಾರಿಗಳು ಎಲ್ಲ ಕಾರ್ಮಿಕರಿಗೂ ಪರಿಚಿತವಾಗಿರಬೇಕು, ಆಗ ಅನುಸರಿಸಬೇಕಾದ ಕ್ರಮದಲ್ಲಿ ಅವರಿಗೆ ತಕ್ಕ ತರಬೇತಿ ಸಿಕ್ಕಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 38ನೆಯ ಕಲಮು ಸ್ಪಷ್ಟವಾಗಿಯೇ ಹೇಳಿತ್ತು. ಆ ಕಾಯ್ದೆಯ ಸ್ಥಾನವನ್ನು 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ತುಂಬಿದೆ. ಎತ್ತರದ ಕಟ್ಟಡಗಳ ವಿಷಯದಲ್ಲಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಅಣಕು ತೆರವಿನ ಮಾರ್ಗಸೂಚಿಯನ್ನೇ ಕೊಟ್ಟಿದೆ: ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಅನಂತರ ಆರು ತಿಂಗಳಿಗೊಮ್ಮೆ. ಆದರೆ ಅಗ್ನಿಶಾಮಕ ಸೇವೆ ರಾಜ್ಯಗಳಿಗೆ ಸೇರಿದ ವಿಷಯ. ಕಟ್ಟಡ ಸಂಹಿತೆ ಸ್ವತಃ ಸಲಹೆಯ ರೂಪದ್ದು. ಹೀಗಾಗಿ ಪಾಲನೆಯ ಹೊಣೆ ಹಲವು ಕೈಗಳಲ್ಲಿ ಹಂಚಿಹೋಗಿದೆ.

ಬ್ರಿಟನ್ನಿನಲ್ಲಿ 2005ರ ಅಗ್ನಿ ಸುರಕ್ಷತಾ ಆದೇಶ ಇನ್ನಷ್ಟು ಖಚಿತವಾಗಿ ಮಾತನಾಡುತ್ತದೆ. ನೌಕರಿಗೆ ಸೇರಿದಾಗಲೇ ತರಬೇತಿ ಕೊಡಬೇಕು, ಕೆಲಸದ ವೇಳೆಯಲ್ಲೇ ಕೊಡಬೇಕು, ಅಪಾಯದ ಸ್ವರೂಪ ಬದಲಾದರೆ ಮತ್ತೆ ಕೊಡಬೇಕು ಎಂದು ಅದರ 21ನೆಯ ಕಲಮು ವಿಧಿಸುತ್ತದೆ. ಅಮೆರಿಕದ ನಿಯಮಗಳೂ ಅಗ್ನಿನಂದಕಗಳನ್ನು ನೌಕರರ ಬಳಕೆಗೆ ಇಟ್ಟ ಮಾಲೀಕ ಸೇರ್ಪಡೆಯ ಸಮಯದಲ್ಲೂ ಅನಂತರ ವರ್ಷಕ್ಕೊಮ್ಮೆಯೂ ಅವುಗಳ ಬಗ್ಗೆ ತಿಳಿವಳಿಕೆ ನೀಡಬೇಕೆನ್ನುತ್ತವೆ. ಈ ಎರಡು ದೇಶಗಳ ಪ್ರಸ್ತಾಪ ಇಲ್ಲಿ ಅಪ್ರಸ್ತುತವಲ್ಲ. ಬೆಂಗಳೂರಿನ ಬಹುರಾಷ್ಟ್ರೀಯ ಕಚೇರಿಗಳು ತಮ್ಮ ಹೊಸ ನೌಕರರಿಗೆ ತೋರಿಸುವ ಪಾಠಗಳಲ್ಲಿ ಬಹಳಷ್ಟು ಆ ಕಾನೂನುಗಳನ್ನು ಪಾಲಿಸಲೆಂದು ಅಲ್ಲಿ ತಯಾರಾದಂಥವು. ಮಾತೃಸಂಸ್ಥೆ ಒಮ್ಮೆ ಖರೀದಿಸಿದರೆ ಜಗತ್ತಿನ ಎಲ್ಲ ಶಾಖೆಗಳಿಗೂ ಅದೇ. ಸ್ಥಳೀಯ ವ್ಯವಸ್ಥಾಪಕನಿಗೆ ಆಯ್ಕೆಯ ಗೊಡವೆಯೇ ಇರುವುದಿಲ್ಲ.

ಆಮದು ಪಾಠದ ಅಡ್ಡಿಗಳು

ಆಮದಾದ ಪಾಠ ಕೆಟ್ಟದ್ದೆಂದೇನಲ್ಲ. ಛಾಯಾಗ್ರಹಣ ಚೆನ್ನಾಗಿರುತ್ತದೆ, ಮಾತು ಅಚ್ಚುಕಟ್ಟಾಗಿರುತ್ತದೆ. ತೊಂದರೆ ಇರುವುದು ವಿವರಗಳಲ್ಲಿ.

ಬೆಂಕಿಯ ವರ್ಗೀಕರಣವನ್ನೇ ನೋಡಬಹುದು. ಅಮೆರಿಕದ ಪದ್ಧತಿಯಲ್ಲಿ ‘ಸಿ’ ವರ್ಗವೆಂದರೆ ವಿದ್ಯುತ್ ಹರಿಯುತ್ತಿರುವ ಉಪಕರಣಗಳ ಬೆಂಕಿ. ಭಾರತೀಯ ಮಾನಕದಲ್ಲಿ ‘ಸಿ’ ಎಂದರೆ ಅನಿಲದ ಬೆಂಕಿ. ವಿದ್ಯುತ್ತಿಗೆ ಇಲ್ಲಿ ಪ್ರತ್ಯೇಕ ಅಕ್ಷರವೇ ಇಲ್ಲ. ಎ, ಬಿ, ಸಿ ಮೂರಕ್ಕೂ ಒದಗುವ ಪುಡಿಯ ಸಿಲಿಂಡರ್ ಕೈಯಲ್ಲಿದ್ದರೆ ಈ ಗೊಂದಲದಿಂದ ಹೇಳಿಕೊಳ್ಳುವಂಥ ಹಾನಿಯಾಗದು ಎಂದು ವಾದಿಸಬಹುದು. ಆದರೆ ಅನಿಲದ ಬೆಂಕಿಗೆ ತನ್ನದೇ ಆದ ಒಂದು ನಿಯಮವಿದೆ: ಮೊದಲು ಕವಾಟ ಮುಚ್ಚಬೇಕು. ಕವಾಟ ಮುಚ್ಚದೆ ಜ್ವಾಲೆಯನ್ನಷ್ಟೇ ನಂದಿಸಿದರೆ ಸೋರುತ್ತಲೇ ಇರುವ ಅನಿಲ ಕೋಣೆಯಲ್ಲಿ ತುಂಬಿಕೊಂಡು, ಮತ್ತೊಂದು ಕಿಡಿ ಸಿಕ್ಕೊಡನೆ ಸ್ಫೋಟಿಸುತ್ತದೆ. ಕಚೇರಿಯ ಊಟದ ಮನೆಯಲ್ಲಿ ಕೆಲಸ ಮಾಡುವವನಿಗೆ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ವಿಷಯ ಇದು. ‘ಸಿ ಅಂದರೆ ಕರೆಂಟು’ ಎಂದು ಬಾಯಿಪಾಠ ಮಾಡಿಸುವ ಪಾಠದಲ್ಲಿ ಅದು ಆ ಅಕ್ಷರದ ಕೆಳಗೆ ಸಿಗುವುದಿಲ್ಲ.

ಬ್ರಿಟನ್ನಿನ ಪಾಠಗಳದು ಇನ್ನೊಂದು ತರಹ. ಅಲ್ಲಿ ಸಿಲಿಂಡರಿನ ಮೇಲಿನ ಪಟ್ಟಿಯ ಬಣ್ಣದಿಂದಲೇ ಒಳಗಿರುವುದನ್ನು ಗುರುತಿಸಲು ಕಲಿಸುತ್ತಾರೆ: ನೊರೆಗೆ ಕೆನೆಬಣ್ಣ, ಇಂಗಾಲದ ಡೈಆಕ್ಸೈಡಿಗೆ ಕಪ್ಪು, ಪುಡಿಗೆ ನೀಲಿ. ಅದನ್ನು ಕಲಿತು ಬಂದವನು ಇಲ್ಲಿನ ಗೋಡೆಯ ಮೇಲೆ ನೀಲಿ ಪಟ್ಟಿಯನ್ನು ಹುಡುಕುತ್ತ ನಿಂತರೆ ಸಮಯ ವ್ಯರ್ಥ. ಇಲ್ಲಿ ಮೈಮೇಲಿನ ಬರಹವನ್ನು ಓದಿಯೇ ತಿಳಿಯಬೇಕು, ಬರಹವೂ ಸಾಮಾನ್ಯವಾಗಿ ಇಂಗ್ಲಿಷಿನದು. ನಿರ್ಗಮನದ ಫಲಕ ಅಮೆರಿಕದಲ್ಲಿ ಬಹುಮಟ್ಟಿಗೆ ಕೆಂಪಕ್ಷರದ್ದು. ಇಲ್ಲಿನ ಕಟ್ಟಡಗಳಲ್ಲಿ ಹಸಿರು ಹಿನ್ನೆಲೆಯ ಓಡುವ ಮನುಷ್ಯ. ಅಲ್ಲಿನ ‘ಮೊದಲ ಮಹಡಿ’ ನಮ್ಮ ನೆಲಮಹಡಿ. ಕರೆ ಮಾಡಬೇಕಾದ ಸಂಖ್ಯೆಯಂತೂ ಹೇಳುವುದೇ ಬೇಡ: ಚಿತ್ರದಲ್ಲಿ 911 ಅಥವಾ 999, ಇಲ್ಲಿ 101 ಅಥವಾ 112. ಕೆಲವು ಸಂಸ್ಥೆಗಳು ಈ ಸಂಖ್ಯೆಯನ್ನಷ್ಟೇ ತಿದ್ದಿ ಅಂಟಿಸಿ, ಪಾಠವನ್ನು ‘ಸ್ಥಳೀಯಗೊಳಿಸಲಾಗಿದೆ’ ಎಂದು ಬರೆದುಕೊಳ್ಳುವುದುಂಟು.

ಇವುಗಳಲ್ಲಿ ಒಂದೊಂದೇ ಬಿಡಿಯಾಗಿ ನೋಡಿದರೆ ಕ್ಷುಲ್ಲಕವೆನಿಸಬಹುದು. ಆದರೆ ಹೊಗೆ ತುಂಬುತ್ತಿರುವ ಮೊಗಸಾಲೆಯಲ್ಲಿ ಮನುಷ್ಯ ಯೋಚಿಸುವುದಿಲ್ಲ, ನೆನಪಿಸಿಕೊಳ್ಳುತ್ತಾನೆ. ನೆನಪಿಗೆ ಬರುವ ಚಿತ್ರ ಕಣ್ಣೆದುರಿನ ಗೋಡೆಗೆ ಹೊಂದದಿದ್ದರೆ ಅವನು ಬಂದ ದಾರಿಯಲ್ಲೇ, ಅಂದರೆ ಲಿಫ್ಟಿನತ್ತ, ನಡೆಯುತ್ತಾನೆ.

ಸಿಲಿಂಡರಿನ ಮೋಹ

ಸಿದ್ಧ ಪಾಠಗಳ ಇನ್ನೊಂದು ದೋಷ ಅನುಪಾತದ್ದು. ಸಮಯದ ಬಹುಭಾಗವನ್ನು ಅಗ್ನಿನಂದಕವೇ ನುಂಗುತ್ತದೆ. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸಿಲಿಂಡರ್ ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಕಟ್ಟಡದಿಂದ ಸುಮ್ಮನೆ ಇಳಿದುಹೋಗುವುದು ಕಾಣುವುದಿಲ್ಲ. ಪಿನ್ನು ಎಳೆ, ಬುಡಕ್ಕೆ ಗುರಿಯಿಡು, ಹಿಡಿ ಅದುಮು, ಅತ್ತಿತ್ತ ಬೀಸು. ನಾಲ್ಕು ಕ್ರಿಯೆಗಳ ಇಂಗ್ಲಿಷ್ ಮೊದಲಕ್ಷರ ಸೇರಿ ‘ಪಾಸ್’ ಎಂಬ ಸೂತ್ರವಾಗುತ್ತದೆ. ಇಂಗ್ಲಿಷ್ ಬಾರದವನಿಗೆ ಆ ಸೂತ್ರ ಸೂತ್ರವೇ ಅಲ್ಲ ಎಂಬುದು ಬೇರೆ ಮಾತು.

ಕಚೇರಿಗಳಲ್ಲಿ ತೂಗುಹಾಕಿರುವ ಸಾಧಾರಣ ಗಾತ್ರದ ಸಿಲಿಂಡರ್ ಒಮ್ಮೆ ಅದುಮಿದರೆ ಸಾಮಾನ್ಯವಾಗಿ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ ಎಂಬುದನ್ನು ಎಷ್ಟು ಪಾಠಗಳು ಹೇಳುತ್ತವೆ? ಕಸದ ಬುಟ್ಟಿಯ ಬೆಂಕಿಗೆ ಅಷ್ಟು ಸಾಕು. ತಂತಿಗಳ ಕೊಳವೆಮಾರ್ಗದ ಬೆಂಕಿಗೆ ಸಾಲದು. ಇಂಗಾಲದ ಡೈಆಕ್ಸೈಡನ್ನು ಸಣ್ಣ ಸರ್ವರ್ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಹಾಯಿಸಿದರೆ ಹಾಯಿಸಿದವನಿಗೇ ಉಸಿರು ಕಟ್ಟಬಹುದು, ಅದರ ಕೊಂಬಿನಾಕಾರದ ನಳಿಕೆಯನ್ನು ಬರಿಗೈಯಲ್ಲಿ ಹಿಡಿದರೆ ಶೀತದಿಂದ ಚರ್ಮಕ್ಕೆ ಗಾಯವಾಗಬಹುದು. ಬೆನ್ನ ಹಿಂದೆ ಹೊರಹೋಗುವ ದಾರಿ ಇಲ್ಲದೆ ಸಿಲಿಂಡರ್ ಹಿಡಿಯಬಾರದು ಎಂಬ ಒಂದು ವಾಕ್ಯ ಉಳಿದ ನಾಲ್ಕು ಕ್ರಿಯೆಗಳಿಗಿಂತ ದೊಡ್ಡದು. ಪಾಠವನ್ನು ಆರಿಸುವಾಗ ಆ ವಾಕ್ಯ ಎಷ್ಟನೆಯ ನಿಮಿಷದಲ್ಲಿ ಬರುತ್ತದೆಂದು ನೋಡುವುದು ಒಳ್ಳೆಯ ಪರೀಕ್ಷೆ.

ಜನರನ್ನು ಕೊಲ್ಲುವುದು ಹೆಚ್ಚಾಗಿ ಹೊಗೆ ಮತ್ತು ವಿಳಂಬ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ನೆಲಮಟ್ಟದ ವಾಹನ ನಿಲುಗಡೆಯ ಜಾಗದಲ್ಲಿದ್ದ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಹೊಗೆ ಬಾಲ್ಕನಿಯಲ್ಲಿದ್ದವರ ಜೀವ ತೆಗೆಯಿತು. ಒಟ್ಟು 59 ಸಾವು. ಹೆಚ್ಚುವರಿ ಆಸನಗಳಿಗಾಗಿ ನಿರ್ಗಮನದ ದಾರಿಯನ್ನೇ ಮುಚ್ಚಲಾಗಿತ್ತು. 1979ರಲ್ಲಿ ಮ್ಯಾಂಚೆಸ್ಟರಿನ ವುಲ್ವರ್ತ್ಸ್ ಮಳಿಗೆಗೆ ಬೆಂಕಿ ಬಿದ್ದಾಗ ಸತ್ತ ಹತ್ತು ಮಂದಿಯ ಕಥೆ ಇನ್ನೂ ವಿಚಿತ್ರ. ಅಲ್ಲಿನ ಉಪಾಹಾರ ಗೃಹದಲ್ಲಿ ಊಟಕ್ಕೆ ಕುಳಿತ ಜನ ಹೊಗೆ ಕಂಡ ಮೇಲೂ ಬಿಲ್ಲು ಪಾವತಿಸದೆ ಎದ್ದುಹೋಗಲು ಹಿಂಜರಿದರು ಎಂಬುದು ಅನಂತರ ಮಾನವ ವರ್ತನೆಯ ಅಧ್ಯಯನಗಳಲ್ಲಿ ಪದೇ ಪದೇ ಉಲ್ಲೇಖವಾಗುವ ಸಂಗತಿ. ಮನುಷ್ಯ ಬೆಂಕಿಯಲ್ಲೂ ಶಿಷ್ಟಾಚಾರ ಬಿಡುವುದಿಲ್ಲ. ಕಚೇರಿಯಲ್ಲಾದರೆ ಬಿಲ್ಲಿನ ಬದಲು ಲ್ಯಾಪ್‌ಟಾಪು.

ಈ ವಿಷಯದಲ್ಲಿ ವಿಮಾನಯಾನದಿಂದ ಕಲಿಯುವುದಿದೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುತ್ತಿದ್ದಂತೆ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಸಣ್ಣ ವಿಮಾನದಲ್ಲಿದ್ದ ಐವರು ಸತ್ತರಾದರೂ ಪ್ರಯಾಣಿಕ ವಿಮಾನದಲ್ಲಿದ್ದ 379 ಮಂದಿಯೂ ಜೀವಸಹಿತ ಹೊರಬಂದರು. ಚೀಲಗಳನ್ನು ಹೊತ್ತು ಇಳಿದರೆ ಏನಾಗುತ್ತದೆ ಎಂಬುದನ್ನು ಆ ಸಂಸ್ಥೆಯ ಸುರಕ್ಷತಾ ಚಿತ್ರ ತೋರಿಸಿಯೇ ಹೇಳುತ್ತದೆ. ‘ಸಾಮಾನು ತರಬೇಡಿ’ ಎಂಬ ಬರಿಯ ಆಜ್ಞೆಗೂ, ತಂದರೆ ಹಿಂದಿದ್ದವರು ಹೇಗೆ ಸಿಕ್ಕಿಬೀಳುತ್ತಾರೆಂದು ತೋರಿಸುವ ಚಿತ್ರಕ್ಕೂ ಬಹಳ ಅಂತರವಿದೆ.

ಪಾಠದ ಹೊರಗೆ ಉಳಿದವರು

ಇಷ್ಟು ಹೊತ್ತು ಹೇಳಿದ್ದು ಪಾಠ ಸಿಗುವವರ ಮಾತು. ಸಿಗದವರ ಸಂಖ್ಯೆ ಕಡಿಮೆಯೇನಲ್ಲ. ದೊಡ್ಡ ಕಚೇರಿಯ ಬಾಗಿಲಲ್ಲಿ ನಿಲ್ಲುವ ಕಾವಲುಗಾರ, ನೆಲ ಒರೆಸುವ ಹೆಂಗಸು, ಊಟದ ಮನೆಯ ಹುಡುಗ, ವಿದ್ಯುತ್ ಕೋಣೆಯ ತಂತ್ರಜ್ಞ - ಇವರು ಸಾಮಾನ್ಯವಾಗಿ ಆ ಸಂಸ್ಥೆಯ ನೌಕರರಲ್ಲ. ಗುತ್ತಿಗೆದಾರರ ಆಳುಗಳು. ಸಂಸ್ಥೆಯ ಗಣಕಜಾಲದಲ್ಲಿ ಅವರಿಗೆ ಹೆಸರಿಲ್ಲ, ಹೆಸರಿಲ್ಲದ್ದರಿಂದ ಪಾಠವೂ ತೆರೆಯುವುದಿಲ್ಲ. ಆದರೆ ತುರ್ತು ಬಾಗಿಲಿನ ಬೀಗದ ಕೈ ಇರುವುದು ಆ ಕಾವಲುಗಾರನ ಸೊಂಟದಲ್ಲೇ. ರಾತ್ರಿ ಹತ್ತರ ಮೇಲೆ ಕಟ್ಟಡದ ಎಲ್ಲ ಮಹಡಿಗಳನ್ನೂ ಬಲ್ಲವಳು ನೆಲ ಒರೆಸುವವಳೊಬ್ಬಳೇ.

ಈ ವಿಪರ್ಯಾಸಕ್ಕೆ ಕೋಲ್ಕತ್ತಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಅಲ್ಲಿನ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹುಟ್ಟಿದ ಬೆಂಕಿಯ ಹೊಗೆ ಸುಮಾರು 90 ಜನರ ಸಾವಿಗೆ ಕಾರಣವಾಯಿತು. ಹೆಚ್ಚಿನವರು ಹಾಸಿಗೆ ಹಿಡಿದ ರೋಗಿಗಳು. ಹೊಗೆ ಕಂಡು ಪಕ್ಕದ ಬಸ್ತಿಯಿಂದ ಓಡಿಬಂದ ಯುವಕರನ್ನು ಕಾವಲುಗಾರರು ಒಳಬಿಡದೆ ಹಿಂದಕ್ಕೆ ಕಳಿಸಿದರೆಂದೂ, ಅಗ್ನಿಶಾಮಕ ದಳಕ್ಕೆ ಸುದ್ದಿ ತಡವಾಗಿ ಹೋಯಿತೆಂದೂ ಆಗ ವರದಿಗಳು ಬಂದವು. ಆ ಕಾವಲುಗಾರರನ್ನು ದೂಷಿಸುವುದು ಸುಲಭ. ಅಪರಿಚಿತರನ್ನು ಒಳಬಿಡಬಾರದು ಎಂಬುದೊಂದನ್ನೇ ಕಲಿಸಿಕೊಟ್ಟ ಮೇಲೆ ಅವರು ಅದನ್ನಲ್ಲದೆ ಬೇರೇನು ಮಾಡಿಯಾರು?

ಇದಕ್ಕೆ ತದ್ವಿರುದ್ಧವಾದ ನಿದರ್ಶನ ಅಮೆರಿಕದ ಕೆಂಟಕಿ ರಾಜ್ಯದ್ದು. 1977ರ ಮೇ 28ರ ರಾತ್ರಿ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್‌ನಲ್ಲಿ ಬೆಂಕಿ ಹೊತ್ತಿಕೊಂಡಾಗ, ಕಿಕ್ಕಿರಿದ ಸಭಾಂಗಣದ ವೇದಿಕೆ ಹತ್ತಿ ಹಾಸ್ಯ ಕಾರ್ಯಕ್ರಮವನ್ನು ನಿಲ್ಲಿಸಿ, ಹೊರಹೋಗುವ ಬಾಗಿಲುಗಳನ್ನು ಕೈತೋರಿಸಿ ಹೇಳಿದವನು ತಟ್ಟೆ ಎತ್ತುವ 18 ವರ್ಷದ ಹುಡುಗ. ಆ ದುರಂತದಲ್ಲಿ 165 ಜನ ಸತ್ತರು. ಅವನು ಮಾತನಾಡದೆ ಇದ್ದಿದ್ದರೆ ಲೆಕ್ಕ ಇನ್ನೂ ಹೆಚ್ಚುತ್ತಿತ್ತು. ಅವನಿಗೆ ಬಾಗಿಲುಗಳು ಗೊತ್ತಿದ್ದವು, ಅಷ್ಟೇ.

ಇನ್ನು ಸಿದ್ಧ ಉಡುಪಿನ ಕಾರ್ಖಾನೆಗಳ ಮಾತು. ಬೊಮ್ಮನಹಳ್ಳಿ, ಪೀಣ್ಯದಂಥ ಕಡೆಗಳಲ್ಲಿ ಹೊಲಿಗೆ ಯಂತ್ರಗಳ ಮುಂದೆ ಸಾಲಾಗಿ ಕೂರುವ ಸಾವಿರಾರು ಹೆಣ್ಣುಮಕ್ಕಳಿಗೆ ಯಾವ ಪಾಠ ಸಿಗಬೇಕೆಂಬುದನ್ನು ಢಾಕಾದ ಸಮೀಪದ ತಜ್ರೀನ್ ಕಾರ್ಖಾನೆ ಹೇಳುತ್ತದೆ. 2012ರ ನವೆಂಬರ್ 24ರ ಸಂಜೆ ಅಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಏನೂ ಆಗಿಲ್ಲ, ಕೆಲಸ ಮುಂದುವರಿಸಿ ಎಂದು ಮೇಲ್ವಿಚಾರಕರು ಕಾರ್ಮಿಕರನ್ನು ಮತ್ತೆ ಕೂರಿಸಿದರೆಂದು ಬದುಕುಳಿದವರು ಹೇಳಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಿಗೆ ಗಂಟೆಯ ಅರ್ಥ ಗೊತ್ತಿತ್ತು. ಏಳುವ ಅಧಿಕಾರ ತಮಗಿದೆ ಎಂಬುದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದರೂ ಅದನ್ನು ಯಾರೂ ಅವರೆದುರು ಬಾಯಿಬಿಟ್ಟು ಹೇಳಿರಲಿಲ್ಲ.

ಪರಿಚಯ ತರಬೇತಿಯ ಯಾವುದೇ ಸಾಮಗ್ರಿಯಲ್ಲಿ ಮೊದಲು ಹುಡುಕಬೇಕಾದ ಸಾಲು ಇದೇ ಇರಬಹುದು: ಗಂಟೆ ಬಾರಿಸಿದರೆ, ಇಲ್ಲವೇ ಹೊಗೆ ಕಂಡರೆ, ಯಾರ ಅಪ್ಪಣೆಗೂ ಕಾಯದೆ ಎದ್ದು ಹೋಗಬಹುದು, ಅದಕ್ಕಾಗಿ ಸಂಬಳ ಕಡಿತವಿಲ್ಲ, ಬೈಗುಳವಿಲ್ಲ, ಉತ್ಪಾದನೆಯ ಗುರಿಯ ಲೆಕ್ಕವಿಲ್ಲ. ಆ ಸಾಲನ್ನು ಹೇಳಬೇಕಾದವರು ತರಬೇತಿಗೆ ಹೊರಗಿನಿಂದ ಬಂದ ಉಪನ್ಯಾಸಕರಲ್ಲ, ಅದೇ ಸಾಲಿನ ಮೇಲ್ವಿಚಾರಕ. ಬೇರೆಯವರ ಬಾಯಲ್ಲಿ ಅದಕ್ಕೆ ಕಿಮ್ಮತ್ತಿಲ್ಲ.

ಭಾಷೆಯ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಕಾವಲು ಮತ್ತು ಸ್ವಚ್ಛತೆಯ ಕೆಲಸಗಳಲ್ಲಿ ಉತ್ತರ ಕರ್ನಾಟಕದವರ ಜೊತೆಗೆ ಒಡಿಶಾ, ಬಂಗಾಳ, ಅಸ್ಸಾಂ, ಬಿಹಾರ, ನೇಪಾಳದವರೂ ಇದ್ದಾರೆ. ಕನ್ನಡದಲ್ಲಿ ಅಚ್ಚುಮಾಡಿದರೆ ಕೆಲಸ ಮುಗಿಯಿತು ಎನ್ನಲಾಗದು. ಹಿಂದಿಯಲ್ಲಿ ಅಚ್ಚುಮಾಡಿದರೂ ಮುಗಿಯದು. ಹಾಗೆಂದು ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲಷ್ಟೇ ಒದಗಿಸುವುದಕ್ಕೆ ಇದು ನೆಪವೂ ಆಗಬಾರದು. ‘ತುರ್ತು ನಿರ್ಗಮನ ದ್ವಾರದ ಮುಖಾಂತರ ಸುರಕ್ಷಿತ ಸಮಾವೇಶ ಸ್ಥಳಕ್ಕೆ ತೆರಳತಕ್ಕದ್ದು’ ಎಂಬಂಥ ಅನುವಾದಗಳು ಕನ್ನಡಿಗನಿಗೂ ಅರ್ಥವಾಗಲು ಎರಡು ಬಾರಿ ಓದಿಸಿಕೊಳ್ಳುತ್ತವೆ. ಮಾತಿಲ್ಲದ ಚಿತ್ರ, ಚಿತ್ರಕ್ಕಿಂತ ಹೆಚ್ಚಾಗಿ ಕೈಹಿಡಿದು ನಡೆಸಿಕೊಂಡು ಹೋಗುವ ಒಂದು ಸುತ್ತು, ಎಲ್ಲ ಭಾಷೆಗಳಿಗೂ ಒದಗುತ್ತದೆ.

ಹಂಗಾಮಿ ಕೆಲಸಗಾರರದು ಇನ್ನೂ ದೂರದ ಮಾತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ದಾಸ್ತಾನಿನಲ್ಲಿ ಸಂಭವಿಸಿದ ಬೆಂಕಿಗೆ ಬಲಿಯಾದವರಲ್ಲಿ ಹೆಚ್ಚಿನವರು ದೀಪಾವಳಿಯ ಹಂಗಾಮಿಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯರು. ಕೆಲವೇ ದಿನಗಳ ಕೆಲಸಕ್ಕೆ ಬರುವವರಿಗೆ ಪರಿಚಯ ತರಬೇತಿ ಎಂಬ ಕಲ್ಪನೆಯೇ ನಮ್ಮಲ್ಲಿಲ್ಲ. ಅತಿ ಹೆಚ್ಚು ಅಪಾಯದ ಜಾಗಗಳಲ್ಲಿ ಅತಿ ಕಡಿಮೆ ದಿನ ಇರುವವರು ದುಡಿಯುತ್ತಾರೆ.

ಹಳತಾಗುವ ಪಾಠ

ಖರೀದಿಸುವ ಸಾಮಗ್ರಿ ಯಾವ ವರ್ಷದ್ದು ಎಂಬುದನ್ನೂ ನೋಡಬೇಕು. ಹತ್ತು ವರ್ಷಗಳ ಹಿಂದಿನ ಪಾಠದಲ್ಲಿ ಲೀಥಿಯಂ ಬ್ಯಾಟರಿಯ ಬೆಂಕಿಯ ಸೊಲ್ಲೇ ಇರುವುದಿಲ್ಲ. ಈಗ ಪ್ರತಿ ಕಚೇರಿಯ ನೆಲಮಾಳಿಗೆಯಲ್ಲೂ ವಿದ್ಯುತ್ ಸ್ಕೂಟರುಗಳು ಚಾರ್ಜಿಗೆ ನಿಂತಿವೆ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆಯ ಬೆಂಕಿ ಅದೇ ಕಟ್ಟಡದ ಮೇಲಿನ ವಸತಿಗೃಹದಲ್ಲಿದ್ದ ಎಂಟು ಮಂದಿಯ ಜೀವ ತೆಗೆಯಿತು. 2024ರ ನವೆಂಬರ್ 19ರಂದು ಬೆಂಗಳೂರಿನ ರಾಜಾಜಿನಗರದ ಇಂಥದೇ ಮಳಿಗೆಯೊಂದರಲ್ಲಿ ಸಿಕ್ಕಿಹಾಕಿಕೊಂಡು ಸತ್ತವಳು ಅಲ್ಲೇ ನೌಕರಿಗಿದ್ದ 20 ವರ್ಷದ ಯುವತಿ. ಪುಡಿಯ ಸಿಲಿಂಡರ್ ಇಂಥ ಬ್ಯಾಟರಿಯ ಜ್ವಾಲೆಯನ್ನು ಕ್ಷಣಕಾಲ ಅಡಗಿಸಬಹುದು, ಒಳಗಿನ ಕಾವನ್ನು ಇಳಿಸುವುದಿಲ್ಲ. ನಂದಿತೆಂದುಕೊಂಡದ್ದು ಮತ್ತೆ ಹೊತ್ತಿಕೊಳ್ಳುತ್ತದೆ. ಹಳೆಯ ಪಾಠ ಕಲಿತವನು ನಂದಿಸಿದೆನೆಂಬ ನಂಬಿಕೆಯಿಂದ ಅಲ್ಲೇ ನಿಲ್ಲುತ್ತಾನೆ.

ಒಂದೇ ಆವರಣದಲ್ಲೂ ಎಲ್ಲರಿಗೂ ಒಂದೇ ಪಾಠ ಸಾಲದು. 2023ರ ಆಗಸ್ಟ್ 11ರಂದು ಬೆಂಗಳೂರು ಮಹಾನಗರ ಪಾಲಿಕೆಯ ಕೇಂದ್ರ ಕಚೇರಿಯ ಆವರಣದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದಲ್ಲಿ ಬೆಂಕಿ ಬಿದ್ದು ಒಂಬತ್ತು ಮಂದಿ ಗಾಯಗೊಂಡರು, ಹಿರಿಯ ಎಂಜಿನಿಯರೊಬ್ಬರು ಅನಂತರ ಅಸುನೀಗಿದರು. ಕಡತ ವಿಲೇವಾರಿ ಮಾಡುವ ಗುಮಾಸ್ತನಿಗೂ, ಬೇಗನೆ ಹೊತ್ತಿಕೊಳ್ಳುವ ರಾಸಾಯನಿಕಗಳ ನಡುವೆ ಕೆಲಸ ಮಾಡುವವನಿಗೂ ಬೇಕಾದ ತಿಳಿವಳಿಕೆ ಬೇರೆ ಬೇರೆ.

ಹಾಗಾದರೆ ಸರಿಯಾದ ಸಾಮಗ್ರಿಗೆ ಬಹಳ ಹಣ ಬೇಕೇ? ಇಲ್ಲಿಯೇ ಆಶ್ಚರ್ಯವಿರುವುದು. ಅತ್ಯಂತ ಉಪಯುಕ್ತವಾದ ಪಾಠ ಅತ್ಯಂತ ಅಗ್ಗದ್ದು. ಆ ಕಟ್ಟಡದ್ದೇ ಮೆಟ್ಟಿಲು, ಬಾಗಿಲು, ಕವಾಟ, ವಿದ್ಯುತ್ ಕೋಣೆ, ಒಟ್ಟುಗೂಡುವ ಜಾಗಗಳ ಹತ್ತು ಹನ್ನೆರಡು ಛಾಯಾಚಿತ್ರಗಳನ್ನು ಕೈಫೋನಿನಲ್ಲಿ ತೆಗೆದು, ಕೆಳಗೆ ಆಡುಮಾತಿನ ಒಂದೊಂದು ಸಾಲು ಬರೆದರೆ ಯಾವ ವಿದೇಶಿ ಚಿತ್ರಸುರುಳಿಯೂ ಅದಕ್ಕೆ ಸಾಟಿಯಾಗದು. ಆಮೇಲೆ ಹೊಸಬನನ್ನು ಅವನ ಆಸನದಿಂದ ಎರಡೂ ಮೆಟ್ಟಿಲುಗಳ ಮೂಲಕ ನೆಲದವರೆಗೆ ಒಮ್ಮೆ ನಡೆಸಬೇಕು. ಹೊಗೆಯ ಬೆಂಕಿಯ ಸಾಮಾನ್ಯ ವಿವರಣೆಗೆ ಖರೀದಿಸಿದ ಚಿತ್ರವನ್ನು ಬೇಕಿದ್ದರೆ ಜೊತೆಗೆ ಇಟ್ಟುಕೊಳ್ಳಬಹುದು. ಸಿಲಿಂಡರ್ ಹಿಡಿಯುವುದನ್ನು ತೆರೆಯ ಮೇಲೆ ನೋಡಿ ಕಲಿಯುವುದು ಈಜನ್ನು ಪುಸ್ತಕದಲ್ಲಿ ಕಲಿತಂತೆ. ಮರುಭರ್ತಿಗೆ ಹೇಗೂ ಕಳಿಸಬೇಕಾದ ಹಳೆಯ ಸಿಲಿಂಡರುಗಳನ್ನೇ ಬಯಲಿನಲ್ಲಿ ಸಿಬ್ಬಂದಿಯ ಕೈಗೆ ಕೊಟ್ಟು ಖಾಲಿ ಮಾಡಿಸಿದರೆ ಹೆಚ್ಚಿನ ಖರ್ಚಿಲ್ಲ. ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ ಬೆಂಗಳೂರಿನಲ್ಲಿ ಆರ್.ಎ. ಮುಂಡ್ಕೂರ್ ಹೆಸರಿನ ಅಕಾಡೆಮಿಯೇ ಇದೆ. ಪ್ರಾತ್ಯಕ್ಷಿಕೆಗಳಲ್ಲಿ ಇಲಾಖೆಯ ಸಿಬ್ಬಂದಿಗೆ ದಶಕಗಳ ಅನುಭವವಿದೆ.

ಅಡ್ಡಿ ಹಣದ್ದಲ್ಲ, ದಾಖಲೆಯದು. ಮೆಟ್ಟಿಲು ಇಳಿಸಿದ್ದಕ್ಕೆ ಪ್ರಮಾಣಪತ್ರ ತಾನಾಗಿ ಹುಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿಯೆಂದರೆ, ಹಾಗೆ ಇಳಿಸಲು ಹೋದಾಗ ಮೂರನೆಯ ಮಹಡಿಯ ತಿರುವಿನಲ್ಲಿ ಹಳೆಯ ಕುರ್ಚಿಗಳ ರಾಶಿ, ಐದನೆಯದರಲ್ಲಿ ಬೀಗ ಕಣ್ಣಿಗೆ ಬೀಳುತ್ತದೆ. ಹಲವು ಬಾಡಿಗೆದಾರರಿರುವ ಕಟ್ಟಡದಲ್ಲಿ ಆ ಕುರ್ಚಿಗಳು ಯಾರವು, ಬೀಗ ಯಾರದು ಎಂಬುದೇ ಇತ್ಯರ್ಥವಾಗದ ವ್ಯಾಜ್ಯ. ಪ್ರತಿ ಸಂಸ್ಥೆಯ ಪಾಠವೂ ತನ್ನ ಗಾಜಿನ ಬಾಗಿಲಿಗೆ ಮುಗಿಯುತ್ತದೆ. ಮೆಟ್ಟಿಲು ಶುರುವಾಗುವುದು ಅದರಾಚೆ. ಕಟ್ಟಡದ ಮಾಲೀಕ ಮತ್ತು ಎಲ್ಲ ಬಾಡಿಗೆದಾರರು ಸೇರಿ ಒಂದೇ ಪಾಠ, ಒಂದೇ ನಕ್ಷೆ ಇಟ್ಟುಕೊಳ್ಳಬೇಕೆಂಬ ಷರತ್ತನ್ನು ಬಾಡಿಗೆ ಕರಾರಿನಲ್ಲೇ ಸೇರಿಸುವುದಕ್ಕೆ ಯಾವ ಹೊಸ ಕಾನೂನೂ ಬೇಕಾಗಿಲ್ಲ.

ಸದ್ಯಕ್ಕೆ ನಗರದ ಅನೇಕ ಕಟ್ಟಡಗಳಲ್ಲಿ ಸಾಮೂಹಿಕ ತೆರವಿನ ಅಭ್ಯಾಸವೆಂದರೆ ಅಗ್ನಿಶಾಮಕ ಸಪ್ತಾಹದ ಆಸುಪಾಸಿನ ಒಂದು ಕಾರ್ಯಕ್ರಮ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಿಸಿದಾಗ ಪ್ರಾಣ ತೆತ್ತ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣಾರ್ಥ ಆ ದಿನದಿಂದ 20ರವರೆಗೆ ನಡೆಯುವ ವಾರವದು. ಕಾಲೇಜು ಮುಗಿಸಿದ ಯುವಕರ ದೊಡ್ಡ ತಂಡಗಳು ನೌಕರಿಗೆ ಸೇರುವುದು ಜೂನ್, ಜುಲೈ ತಿಂಗಳುಗಳಲ್ಲಿ. ಅವರ ಪಾಲಿಗೆ ಮುಂದಿನ ಏಪ್ರಿಲ್ ಒಂಬತ್ತು ಹತ್ತು ತಿಂಗಳು ದೂರ.